ಕುಡಿಕೆ ಹೊನ್ನಿನ ಸಾಮ್ರಾಜ್ಯ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವುದೋ ಒಂದು ಮನೆತನವನ್ನು ಕಣ್ಣೆದುರಿಗಿಟ್ಟುಕೊಂಡು ಹೇಳಿರಬೇಕು. ಆ ಮಾತು ಒಂದು ಮಹಾಸಾಮ್ರಾಜ್ಯಕ್ಕೂ ಸಲ್ಲುತ್ತದೆ ಎಂಬುದಕ್ಕೆ ಸ್ಪೇನ್ ದೇಶಕ್ಕಿಂತ ಉತ್ತಮ ನಿದರ್ಶನ ಚರಿತ್ರೆಯಲ್ಲಿ ದೊರೆಯುವುದು ಕಷ್ಟ. ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಯಾವ ಅರಸನಿಗೂ ಕಾಣಸಿಗದಷ್ಟು ಬೆಳ್ಳಿ ಸ್ಪೇನಿನ ಅರಸನ ಬೊಕ್ಕಸಕ್ಕೆ ಬಂದಿತು. ಅದೇ ಶತಮಾನದಲ್ಲಿ, ಕೊಟ್ಟ ಮಾತಿನಂತೆ ಸಾಲ ತೀರಿಸಲಾರೆನೆಂದು ಮತ್ತೆ ಮತ್ತೆ ಕೈಚೆಲ್ಲಿದ ದೊರೆಯೂ ಅವನೇ. ಈ ಎರಡು ಸಂಗತಿಗಳು ಒಂದೇ ಸೂರಿನಡಿ ಹೇಗೆ ಕೂಡಿ ಬಾಳಿದವು? ಹೊನ್ನಿನ ಹೊಳೆ ಹರಿದ ನಾಡಿನಲ್ಲಿ ಒಕ್ಕಲಿಗನ ಮನೆ ಏಕೆ ಬರಿದಾಯಿತು? ಈ ಪ್ರಶ್ನೆ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ. ಸ್ಪೇನಿನ ಅತ್ಯುತ್ತಮ ಸಾಹಿತ್ಯವೆಲ್ಲ ಹುಟ್ಟಿದ್ದು ಈ ಪ್ರಶ್ನೆಯ ನೆರಳಿನಲ್ಲೇ.

ಬಲದ ಬಗೆ

ಸ್ಪೇನಿನ ಬಲ ಬರಿಯ ತೋರಿಕೆಯದಾಗಿರಲಿಲ್ಲ. ಅದನ್ನು ಹೇಳದೆ ಅದರ ದೌರ್ಬಲ್ಯವನ್ನಷ್ಟೇ ಎತ್ತಿ ಆಡುವುದು ನ್ಯಾಯವಲ್ಲ. 1469ರಲ್ಲಿ ಕ್ಯಾಸ್ಟೀಲಿನ ಇಸಬೆಲ್ಲಾ ಮತ್ತು ಅರಗಾನಿನ ಫರ್ಡಿನಂಡರ ಮದುವೆಯಿಂದ ಎರಡು ರಾಜ್ಯಗಳು ಹತ್ತಿರವಾದವು. 1492ರಲ್ಲಿ ಗ್ರನಾಡ ಕೈಸೇರಿತು. ಅದೇ ವರ್ಷ ಕೊಲಂಬಸನು ಅಟ್ಲಾಂಟಿಕ್ ದಾಟಿದನು. ಅವರ ಮೊಮ್ಮಗ ಚಾರ್ಲ್ಸನಿಗೆ ಸ್ಪೇನ್, ನೇಪಲ್ಸ್, ಸಿಸಿಲಿ, ನೆದರ್ಲೆಂಡ್ಸ್, ಅಮೆರಿಕದ ಹೊಸ ನೆಲ, ಎಲ್ಲವೂ ಪಿತ್ರಾರ್ಜಿತವಾಗಿ ಬಂದವು. ಅವನ ಮಗ ಎರಡನೆಯ ಫಿಲಿಪನ ಕಾಲದಲ್ಲಿ ಫಿಲಿಪೈನ್ಸ್ ದ್ವೀಪಗಳು ಸೇರಿ, ಅವನ ಹೆಸರನ್ನೇ ಹೊತ್ತವು. 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನವೂ ಅವನದಾಯಿತು. ಹೀಗೆ, ನಮ್ಮ ಕರಾವಳಿಯ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳಿಗೂ 1640ರ ವರೆಗೆ ಸ್ಪೇನಿನ ದೊರೆಯೇ ಒಡೆಯನಾಗಿದ್ದನು.

ಇಷ್ಟು ದೊಡ್ಡ ಸಾಮ್ರಾಜ್ಯವನ್ನು ಹಾಯಿಹಡಗು ಮತ್ತು ಕುದುರೆಯ ಓಟದ ಕಾಲದಲ್ಲಿ ಹಿಡಿದಿಡುವುದು ಸಾಮಾನ್ಯವೆ? ಈಟಿಯನ್ನೂ ಕೋವಿಯನ್ನೂ ಜೊತೆಗೂಡಿಸಿದ ಸ್ಪೇನಿನ ಕಾಲಾಳು ದಳಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಯೂರೋಪಿನ ಭೀತಿಯಾಗಿದ್ದವು. ಬೆಳ್ಳಿ ಹೊತ್ತ ಹಡಗುಗಳು ಒಂಟಿಯಾಗಿ ಬರದೆ, ಕಾವಲು ನೌಕೆಗಳ ನಡುವೆ ಗುಂಪಾಗಿ ಬರುವ ಏರ್ಪಾಡು ಎಷ್ಟು ಗಟ್ಟಿಯಾಗಿತ್ತೆಂದರೆ, 1628ರಲ್ಲಿ ಡಚ್ ನಾವಿಕ ಪೀಟ್ ಹೈನ್ ಕ್ಯೂಬಾದ ಬಳಿ ಒಂದು ಇಡೀ ಬೆಳ್ಳಿಯ ದಂಡನ್ನು ಹಿಡಿದದ್ದು ಲೋಕವಿಖ್ಯಾತ ಸುದ್ದಿಯಾಯಿತು. ಫಿಲಿಪನು ಎಸ್ಕೋರಿಯಲ್ ಅರಮನೆಯಲ್ಲಿ ಕುಳಿತು ಕಾಗದದ ಕಟ್ಟುಗಳನ್ನು ತಾನೇ ಓದಿ, ಅಂಚಿನಲ್ಲಿ ತಾನೇ ಟಿಪ್ಪಣಿ ಬರೆಯುತ್ತಿದ್ದನು. ಊರಿನ ನೀರು, ಬೆಳೆ, ಜನರ ಕುರಿತು ಪ್ರಶ್ನಾವಳಿಗಳನ್ನು ಕ್ಯಾಸ್ಟೀಲಿನ ಹಳ್ಳಿಗಳಿಗೂ ಅಮೆರಿಕದ ದೂರದ ಸೀಮೆಗಳಿಗೂ ಕಳಿಸಿ ಉತ್ತರ ತರಿಸಿಕೊಂಡವನು ಅವನು.

ಇದಕ್ಕಿಂತ ಹಿರಿದಾದ ಬಲ ಇನ್ನೊಂದಿತ್ತು. ತಾನು ಮಾಡುತ್ತಿರುವುದು ಧರ್ಮವೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಆ ನಾಡಿನ ಕೆಲವರಲ್ಲಾದರೂ ಇತ್ತು. ಅಮೆರಿಕದ ಮೂಲ ನಿವಾಸಿಗಳ ನೆಲವನ್ನು ಕಸಿದುಕೊಳ್ಳಲು ನಮಗೆ ಯಾವ ಹಕ್ಕಿದೆ ಎಂಬ ಪ್ರಶ್ನೆಯನ್ನು ಸಲಮಾಂಕ ವಿದ್ಯಾಪೀಠದ ಫ್ರಾನ್ಸಿಸ್ಕೊ ದ ವಿಟೋರಿಯ 1530ರ ದಶಕದಲ್ಲಿಯೇ ಎತ್ತಿದನು. ಲಾಸ್ ಕಾಸಸ್ ಎಂಬ ಪಾದ್ರಿ ಆ ಜನರ ಪರವಾಗಿ ಜೀವಮಾನವಿಡೀ ವಾದಿಸಿದನು. ಆದರೆ ಗಣಿಯ ಬಾಯಿ ಇವರ ಮಾತನ್ನು ಕೇಳಲಿಲ್ಲ.

ಬೆಳ್ಳಿಯ ಬೆಟ್ಟ

1545ರಲ್ಲಿ, ಇಂದು ಬೊಲಿವಿಯ ಎನ್ನಿಸಿಕೊಳ್ಳುವ ಸೀಮೆಯಲ್ಲಿ, ಆಂಡೀಸ್ ಪರ್ವತಗಳ ನಡುವೆ ಪೊಟೋಸಿಯ ಬೆಳ್ಳಿಯ ಬೆಟ್ಟ ಸ್ಪೇನಿನವರ ಕಣ್ಣಿಗೆ ಬಿದ್ದಿತು. ಸಮುದ್ರಮಟ್ಟದಿಂದ ಸುಮಾರು 13,000 ಅಡಿ ಎತ್ತರದಲ್ಲಿ, ಹುಲ್ಲು ಕೂಡ ಸರಿಯಾಗಿ ಬೆಳೆಯದ ಆ ಚಳಿಯ ಬಯಲಿನಲ್ಲಿ ಒಂದು ನಗರ ಎದ್ದಿತು. ಹದಿನೇಳನೆಯ ಶತಮಾನದ ಆರಂಭಕ್ಕೆ ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷದಷ್ಟಾಗಿ, ಅದು ಲೋಕದ ದೊಡ್ಡ ನಗರಗಳ ಸಾಲಿಗೆ ಸೇರಿತು. ಅದಿರನ್ನು ಪಾದರಸದೊಡನೆ ಬೆರೆಸಿ ಬೆಳ್ಳಿಯನ್ನು ಬೇರ್ಪಡಿಸುವ ವಿಧಾನವನ್ನು ಬಾರ್ತೊಲೊಮೆ ದ ಮೆದಿನ ಎಂಬಾತ 1550ರ ದಶಕದಲ್ಲಿ ಮೆಕ್ಸಿಕೊದಲ್ಲಿ ಬಳಕೆಗೆ ತಂದಿದ್ದನು. 1570ರ ದಶಕದಲ್ಲಿ ಅದು ಪೊಟೋಸಿಗೂ ಬಂದಿತು. ಬೇಕಾದ ಪಾದರಸ ಪೆರುವಿನ ವಾಂಕವೆಲಿಕ ಗಣಿಯಿಂದಲೇ ದೊರೆಯಿತು. ಅಲ್ಲಿಂದ ಬೆಳ್ಳಿಯ ಹುಟ್ಟುವಳಿ ಹಲವು ಪಟ್ಟು ಏರಿತು.

ಬೆಳ್ಳಿ ತಾನಾಗಿ ಬೆಟ್ಟದಿಂದ ಇಳಿದು ಬರುವುದಿಲ್ಲವಷ್ಟೆ. ಅದಕ್ಕೆ ಕೈಗಳು ಬೇಕು. ಪ್ರತಿನಿಧಿಯಾಗಿ ಆಳುತ್ತಿದ್ದ ಫ್ರಾನ್ಸಿಸ್ಕೊ ದ ತೊಲೆದೊ ‘ಮಿತ’ ಎಂಬ ಹಳೆಯ ಇಂಕಾ ಪದ್ಧತಿಯ ಹೆಸರಿನಲ್ಲಿಯೇ ಹೊಸದೊಂದು ಕಡ್ಡಾಯ ದುಡಿಮೆಯನ್ನು ವಿಧಿಸಿದನು. ಗೊತ್ತುಮಾಡಿದ ಸೀಮೆಗಳಿಂದ ವಯಸ್ಕ ಗಂಡಸರಲ್ಲಿ ಏಳರಲ್ಲಿ ಒಬ್ಬನು ಸರದಿಯ ಮೇಲೆ ಒಂದು ವರ್ಷ ಗಣಿಗೆ ಹೋಗಬೇಕು. ವರ್ಷಕ್ಕೆ ಸುಮಾರು 13,000 ಮಂದಿ ಹೀಗೆ ಹೊರಟರು. ಹೆಂಡಿರು ಮಕ್ಕಳು, ಹೊರೆ ಹೊರುವ ಲಾಮಗಳೊಡನೆ ವಾರಗಟ್ಟಲೆ ನಡೆದು ಬಂದವರು, ಸುರಂಗದ ಬಿಸಿಯಿಂದ ಅದಿರು ಹೊತ್ತು ಏಣಿ ಹತ್ತಿ, ಹೊರಗಿನ ಹಿಮಗಾಳಿಗೆ ಮೈಯೊಡ್ಡಿದರು. ಕೂಲಿ ಎಂಬುದು ಇತ್ತು, ಹೊಟ್ಟೆಗೆ ಸಾಲುವಷ್ಟಿರಲಿಲ್ಲ. ಧೂಳು ಮತ್ತು ಪಾದರಸ ಎಷ್ಟು ಮಂದಿಯನ್ನು ನುಂಗಿದವೆಂಬುದಕ್ಕೆ ಸರಿಯಾದ ಲೆಕ್ಕ ಯಾರೂ ಇಡಲಿಲ್ಲ. ಬೆಳ್ಳಿಯ ಲೆಕ್ಕವನ್ನು ಮಾತ್ರ ಇಟ್ಟರು. ಅರಸನಿಗೆ ಸಲ್ಲಬೇಕಾದ ಐದನೆಯ ಒಂದು ಪಾಲನ್ನು ತೂಗಿ, ಮುದ್ರೆಯೊತ್ತಿ, ಸೆವಿಲ್ ನಗರದ ವ್ಯಾಪಾರಭವನಕ್ಕೆ ಕಳಿಸಿದರು. ಆ ದಾಖಲೆಗಳನ್ನು ಶೋಧಿಸಿದ ಅಮೆರಿಕದ ಇತಿಹಾಸಕಾರ ಅರ್ಲ್ ಹ್ಯಾಮಿಲ್ಟನ್ 1934ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, 1503ರಿಂದ 1660ರ ವರೆಗೆ ಸೆವಿಲ್ಲಿಗೆ ಅಧಿಕೃತವಾಗಿ ಬಂದ ಬೆಳ್ಳಿ 16,000 ಟನ್ನಿಗೂ ಹೆಚ್ಚು. ಚಿನ್ನ ಸುಮಾರು 180 ಟನ್. ಕಳ್ಳತನದಲ್ಲಿ ಬಂದದ್ದು ಬೇರೆ.

ನಾಳೆಯ ಹಡಗನ್ನು ಇಂದೇ ಉಂಡವರು

ಈ ಬೆಳ್ಳಿ ಎಲ್ಲಿ ಹೋಯಿತು? ಮೊದಲ ಉತ್ತರ: ಯುದ್ಧಕ್ಕೆ. ಫ್ರಾನ್ಸಿನೊಡನೆ, ತುರ್ಕರೊಡನೆ, ಇಂಗ್ಲೆಂಡಿನೊಡನೆ, ಎಲ್ಲಕ್ಕೂ ಮಿಗಿಲಾಗಿ ದಂಗೆಯೆದ್ದ ನೆದರ್ಲೆಂಡ್ಸಿನೊಡನೆ ಸ್ಪೇನ್ ಹೋರಾಡಿತು. ಈ ಕೊನೆಯ ಯುದ್ಧವೊಂದೇ, ನಡುವೆ ಕೆಲವು ವರ್ಷಗಳ ಬಿಡುವು ಬಿಟ್ಟರೆ, 1568ರಿಂದ 1648ರ ವರೆಗೆ ನಡೆಯಿತು. ಸೈನಿಕನಿಗೆ ತಿಂಗಳು ತಿಂಗಳಿಗೆ ಸಂಬಳ ಬೇಕು. ಬೆಳ್ಳಿಯ ಹಡಗು ಬರುವುದು ವರ್ಷಕ್ಕೊಮ್ಮೆ. ಈ ನಡುವಿನ ತೆರಪಿನಲ್ಲಿ ಸಾಲಿಗನು ಬಂದು ನಿಂತನು.

ಸಾಲದ ರುಚಿ ಚಾರ್ಲ್ಸನ ಕಾಲದಲ್ಲಿಯೇ ಹತ್ತಿತ್ತು. 1519ರಲ್ಲಿ ಅವನು ಚಕ್ರವರ್ತಿಯಾಗಿ ಚುನಾಯಿತನಾಗಲು ಸುಮಾರು ಎಂಟೂವರೆ ಲಕ್ಷ ಫ್ಲಾರಿನ್ ವೆಚ್ಚವಾಯಿತು. ಅದರಲ್ಲಿ ಐದು ಲಕ್ಷಕ್ಕೂ ಮಿಕ್ಕ ಹಣವನ್ನು ಕೊಟ್ಟವರು ಆಗ್ಸ್‌ಬರ್ಗಿನ ಫುಗ್ಗರ್ ಮನೆತನದ ಸಾಹುಕಾರರು. ಮುಂದೆ ಜಿನೋವದ ಸಾಹುಕಾರರು ಅವರ ಸ್ಥಾನಕ್ಕೆ ಬಂದರು. ಅವರು ಆಂಟ್ವರ್ಪಿನಲ್ಲಿ ಸೈನ್ಯಕ್ಕೆ ಹಣ ಸಲ್ಲಿಸುವುದು, ದೊರೆ ಮುಂದಿನ ವರ್ಷದ ಹಡಗಿನಿಂದಲೂ ಕ್ಯಾಸ್ಟೀಲಿನ ತೆರಿಗೆಯಿಂದಲೂ ಬಡ್ಡಿ ಸೇರಿಸಿ ತೀರಿಸುವುದು—ಇದು ಕ್ರಮ. ಅಂದರೆ ನಾಳೆಯ ಹಡಗನ್ನು ಇಂದೇ ಉಂಡುಬಿಡುವುದು. 1557, 1560, 1575, 1596—ಈ ನಾಲ್ಕು ಸಲ ಫಿಲಿಪನು ಸಾಲ ಸಲ್ಲಿಕೆಯನ್ನು ನಿಲ್ಲಿಸಿದನು. ಅವನ ಮಗನು 1607ರಲ್ಲಿ, ಮೊಮ್ಮಗನು 1627ರಲ್ಲಿ ಅದೇ ದಾರಿ ಹಿಡಿದರು.

ಹಣ ನಿಂತರೆ ಏನಾಗುತ್ತದೆಂಬುದನ್ನು ಆಂಟ್ವರ್ಪ್ ನಗರ ಕಂಡಿತು. 1575ರ ದಿವಾಳಿಯ ತರುವಾಯ ಸಂಬಳವಿಲ್ಲದೆ ಕೆರಳಿದ ಸೈನಿಕರು, 1576ರ ನವೆಂಬರಿನಲ್ಲಿ, ಉತ್ತರ ಯೂರೋಪಿನ ವ್ಯಾಪಾರಕ್ಕೆ ತವರಾಗಿದ್ದ ಆ ನಗರದ ಮೇಲೆ ಬಿದ್ದು ಸುಲಿದರು, ಸುಟ್ಟರು. ಸಾವಿರಾರು ಜನ ಸತ್ತರು. ತನ್ನದೇ ಆಳ್ವಿಕೆಯ ಶ್ರೀಮಂತ ನಗರವನ್ನು ತನ್ನದೇ ಸೈನ್ಯದಿಂದ ಕಳೆದುಕೊಳ್ಳುವ ದೊರೆಯ ಬಲವನ್ನು ಏನೆಂದು ಕರೆಯಬೇಕು?

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಳ್ಳಿ ಉಚ್ಛ್ರಾಯದಲ್ಲಿದ್ದಾಗಲೂ ಅರಸನ ಒಟ್ಟು ವರಮಾನದಲ್ಲಿ ಅದರ ಪಾಲು ಕಾಲು ಭಾಗದ ಆಸುಪಾಸಿನಲ್ಲಿತ್ತು. ಉಳಿದುದನ್ನು ತೆತ್ತವರು ಬಹುಪಾಲು ಕ್ಯಾಸ್ಟೀಲಿನ ಸಾಮಾನ್ಯ ಜನ. ಬೆಳ್ಳಿ ಮಾಡಿದ ಕೆಲಸ ಬೇರೆ: ಅದು ಸಾಲಿಗರಲ್ಲಿ ನಂಬಿಕೆ ಹುಟ್ಟಿಸಿತು, ದೊರೆಯಲ್ಲಿ ಭ್ರಮೆ ಹುಟ್ಟಿಸಿತು. ಬೆಟ್ಟ ಇದೆಯಲ್ಲ ಎಂಬ ಧೈರ್ಯದಿಂದ ಅವನು ತನ್ನ ಕೈಗೆ ಮೀರಿದ ಯುದ್ಧಗಳನ್ನು ಬಿಡಲಾರದೆ ಹೋದನು.

ಬೆಲೆ, ಬಟ್ಟೆ, ಬಡಿವಾರ

ಎರಡನೆಯ ಉತ್ತರ ಮಾರುಕಟ್ಟೆಯಲ್ಲಿದೆ. ಹಣ ಹೇರಳವಾದಲ್ಲಿ ಸರಕು ತುಟ್ಟಿಯಾಗುತ್ತದೆ ಎಂಬ ತತ್ತ್ವವನ್ನು ಸಲಮಾಂಕದಲ್ಲಿ ಪಾಠ ಹೇಳಿದ್ದ ಮಾರ್ಟಿನ್ ದ ಅಸ್ಪಿಲ್ಕ್ವೇಟ 1556ರಲ್ಲಿಯೇ ಬರೆದಿಟ್ಟನು. ಅಮೆರಿಕದ ಬೆಳ್ಳಿ ಬರುವ ಮೊದಲು ಅಗ್ಗವಾಗಿದ್ದ ವಸ್ತುಗಳೂ ಕೂಲಿಯೂ ಈಗ ಏರಿರುವುದನ್ನು ಅವನು ಕಣ್ಣಾರೆ ಕಂಡಿದ್ದನು. ಆ ಶತಮಾನದಲ್ಲಿ ಸ್ಪೇನಿನ ಬೆಲೆಗಳು ಮೂರು ನಾಲ್ಕು ಪಟ್ಟು ಏರಿದವು. ಸೆಗೋವಿಯದ ನೇಕಾರರು ನೆಯ್ದ ಉಣ್ಣೆಯ ಬಟ್ಟೆ ಒಳ್ಳೆಯದೇ; ಆದರೆ ಹೊರಗಿನಿಂದ ಬಂದದ್ದು ಅದಕ್ಕಿಂತ ಅಗ್ಗ. ಲೋಕದಲ್ಲೇ ಉತ್ಕೃಷ್ಟವಾದ ಮೆರಿನೊ ಉಣ್ಣೆ ಸ್ಪೇನಿನ ಕುರಿಗಳ ಮೈಮೇಲೆ ಬೆಳೆಯುತ್ತಿತ್ತು. ಅದರ ಬಹುಭಾಗ ಫ್ಲಾಂಡರ್ಸ್, ಇಟಲಿಗಳಿಗೆ ಹೋಗಿ, ಬಟ್ಟೆಯಾಗಿ ಹಿಂದಿರುಗುತ್ತಿತ್ತು. ಧಾರವಾಡದ ಸೀಮೆಯ ಹತ್ತಿ ಲ್ಯಾಂಕಾಷೈರಿಗೆ ಹೋದ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ನಮಗೆ ಆ ಗತಿ ತಂದವರು ಪರರು; ಸ್ಪೇನ್ ಅದನ್ನು ತಾನಾಗಿಯೇ ತಂದುಕೊಂಡಿತು. ಕಡೆಗೆ, ಅಮೆರಿಕಕ್ಕೆ ಹೊರಟ ಸ್ಪೇನಿನ ಹಡಗುಗಳಲ್ಲಿ ತುಂಬಿದ ಸರಕಿನ ಹೆಚ್ಚಿನ ಪಾಲು ಪರದೇಶದವರದೇ ಆಯಿತು. ಬೆಳ್ಳಿ ಸೆವಿಲ್ಲಿನ ಕಟ್ಟೆಗೆ ತಾಗಿ, ಹೊಳೆಯ ನೀರಿನಂತೆ ಮುಂದಕ್ಕೆ ಹರಿಯಿತು.

ಮೂರನೆಯದು, ನನಗೆ ತೋರುವಂತೆ ಎಲ್ಲಕ್ಕಿಂತ ಆಳವಾದುದು: ಆ ಸಮಾಜ ಯಾರಿಗೆ ಮರ್ಯಾದೆ ಕೊಟ್ಟಿತು ಎಂಬುದು. ಕ್ಯಾಸ್ಟೀಲಿನಲ್ಲಿ ಹಿಡಾಲ್ಗೊ ಎನ್ನಿಸಿಕೊಂಡ ಕುಲೀನನಿಗೆ ನೇರ ತೆರಿಗೆಯಿಲ್ಲ. ಕೈಕೆಲಸ ಅವನ ಮಾನಕ್ಕೆ ಕುಂದು. ತೆರಿಗೆಯ ಹೊರೆ ಉಳುವವನದು, ನೇಯುವವನದು, ಮಾರುವವನದು. 1590ರಲ್ಲಿ ಬಂದ ಹೊಸ ಸುಂಕ ದ್ರಾಕ್ಷಾರಸ, ಎಣ್ಣೆ, ಮಾಂಸಗಳ ಮೇಲೆ ಕುಳಿತು ಬಡವನ ಊಟದ ತಟ್ಟೆಗೇ ಕೈ ಹಾಕಿತು. ಕೈಯಲ್ಲಿ ನಾಲ್ಕು ಕಾಸು ಸೇರಿದವನು ಮಗ್ಗ ಹೂಡುವ ಬದಲು ಸರ್ಕಾರದ ಸಾಲಪತ್ರ ಕೊಂಡನು; ಬಡ್ಡಿಯಲ್ಲಿ ಬದುಕಿ, ಮಗನನ್ನು ಹಿಡಾಲ್ಗೊ ಮಾಡುವ ಕನಸು ಕಂಡನು. ದುಡಿಯುವವನಿಗೆ ದಂಡ, ಕೂತವನಿಗೆ ಕಿರೀಟ ಎಂದಾದರೆ ಯಾರು ತಾನೆ ದುಡಿದಾರು?

1554ರಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾದ ‘ಲಾಸರಿಯೊ ದ ತೋರ್ಮೆಸ್’ ಎಂಬ ಸಣ್ಣ ಕಾದಂಬರಿಯಲ್ಲಿ ಇಂಥ ಒಬ್ಬ ಕುಲೀನನ ಚಿತ್ರವಿದೆ. ಮನೆಯಲ್ಲಿ ಒಂದು ತುಂಡು ರೊಟ್ಟಿಯಿಲ್ಲ. ಆದರೂ ಆತ ಕತ್ತಿ ಕಟ್ಟಿ, ಮೇಲಂಗಿ ತೊಟ್ಟು, ಬಾಗಿಲಲ್ಲಿ ನಿಂತು, ಉಂಡವನಂತೆ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಾನೆ. ಭಿಕ್ಷೆ ಬೇಡಿ ತಂದ ಆಳುಮಗನೇ ಒಡೆಯನಿಗೂ ಉಣಿಸಬೇಕಾಗುತ್ತದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ನಮ್ಮ ಗಾದೆಯನ್ನು ಈ ಪಾತ್ರಕ್ಕಿಂತ ಚೆನ್ನಾಗಿ ವ್ಯಾಖ್ಯಾನಿಸಲಾಗದು. ಅಂದು ಅದು ಒಬ್ಬ ಮನುಷ್ಯನ ಚಿತ್ರ. ಐವತ್ತು ವರ್ಷಗಳ ಮೇಲೆ ಒಂದು ದೇಶದ ಚಿತ್ರವಾಯಿತು.

ಸೆರೆಮನೆಯಲ್ಲಿ ಒಬ್ಬ ವಸೂಲಿಗಾರ

ಈ ದೇಶದ ಲೆಕ್ಕಪತ್ರವನ್ನು ಮೈಮೇಲೆ ಹೊತ್ತು ತಿರುಗಿದ ಒಬ್ಬ ಸಾಹಿತಿಯಿದ್ದನು. ಮಿಗೆಲ್ ದ ಸರ್ವಾಂಟಿಸ್ 1571ರ ಲೆಪಾಂಟೊ ನೌಕಾಯುದ್ಧದಲ್ಲಿ ಎಡಗೈಯ ಚಲನೆಯನ್ನು ಕಳೆದುಕೊಂಡನು. ಐದು ವರ್ಷ ಆಲ್ಜಿಯರ್ಸಿನಲ್ಲಿ ಸೆರೆಯಾಳಾಗಿದ್ದನು. ಊರಿಗೆ ಬಂದಮೇಲೆ ಸಿಕ್ಕ ಕೆಲಸ, 1588ರಲ್ಲಿ ಇಂಗ್ಲೆಂಡಿನ ಮೇಲೆ ಹೊರಟ ಸುಮಾರು 130 ಹಡಗುಗಳ ದಂಡಿಗಾಗಿ ಆಂಡಲೂಸಿಯದ ಹಳ್ಳಿಗಳಿಂದ ಗೋಧಿ, ಎಣ್ಣೆ ಎತ್ತುವಳಿ ಮಾಡುವುದು. ಚರ್ಚಿನ ಧಾನ್ಯಕ್ಕೆ ಕೈ ಹಾಕಿ ಬಹಿಷ್ಕಾರಕ್ಕೂ ಗುರಿಯಾದನು. ಆಮೇಲೆ ತೆರಿಗೆ ವಸೂಲಿ. ವಸೂಲಾದ ಹಣವನ್ನು ಇಟ್ಟಿದ್ದ ಸಾಹುಕಾರನು ದಿವಾಳಿಯೆದ್ದನು. ಲೆಕ್ಕ ಒಪ್ಪಿಸಲಾರದೆ ಸರ್ವಾಂಟಿಸ್ 1597ರಲ್ಲಿ ಸೆವಿಲ್ಲಿನ ಸೆರೆಮನೆ ಸೇರಿದನು. ಲೋಕದ ಬೆಳ್ಳಿಯೆಲ್ಲ ಬಂದಿಳಿಯುವ ಊರಿನಲ್ಲಿ, ಫಿಲಿಪನ ಕೊನೆಯ ದಿವಾಳಿಯಾದ ಮರುವರ್ಷ, ಸ್ಪೇನಿನ ಅತಿದೊಡ್ಡ ಲೇಖಕ ಬಾಕಿಯ ಹಣಕ್ಕಾಗಿ ಕಂಬಿಗಳ ಹಿಂದೆ ಕುಳಿತಿದ್ದನು.

1605ರಲ್ಲಿ ‘ಡಾನ್ ಕ್ವಿಕ್ಸಾಟ್’ನ ಮೊದಲ ಭಾಗ ಬಂದಿತು. ಅದರ ನಾಯಕ ಬಡ ಹಿಡಾಲ್ಗೊ. ಹೊಲ ಮಾರಿ ವೀರಕಥೆಗಳ ಪುಸ್ತಕ ಕೊಂಡವನು; ಗಾಳಿಗಿರಣಿಯನ್ನು ರಾಕ್ಷಸನೆಂದು ಬಗೆದವನು. ಅದಕ್ಕೆ ಐದು ವರ್ಷ ಮೊದಲು, 1600ರಲ್ಲಿ, ವಯಾದೊಲಿದ್ ನಗರದ ನ್ಯಾಯವಾದಿ ಮಾರ್ಟಿನ್ ಗೊನ್ಸಾಲೆಸ್ ದ ಸೆಲೊರಿಗೊ ಅರಸನಿಗೆ ಒಂದು ಬಿನ್ನಹ ಬರೆದಿದ್ದನು. ಸ್ಪೇನಿನ ಬಡತನಕ್ಕೆ ಅದರ ಸಿರಿಯೇ ಕಾರಣವೆಂಬುದು ಅವನ ವಾದದ ತಿರುಳು. ನೆಲದಲ್ಲಿ ಬೆಳೆಯುವ, ಕೈಯಲ್ಲಿ ತಯಾರಾಗುವ ವಸ್ತುಗಳನ್ನು ಬಿಟ್ಟು ಜನ ಕಾಗದಪತ್ರ, ಬಡ್ಡಿ, ಬೆಳ್ಳಿಗಳನ್ನೇ ಸಂಪತ್ತೆಂದು ನಂಬಿ, ಮಾಟಕ್ಕೊಳಗಾದವರಂತೆ ಪ್ರಕೃತಿನಿಯಮದ ಹೊರಗೆ ಬದುಕುತ್ತಿದ್ದಾರೆಂದು ಅವನು ಮರುಗಿದನು. ನ್ಯಾಯವಾದಿಗೂ ಕಾದಂಬರಿಕಾರನಿಗೂ ಕಂಡದ್ದು ಒಂದೇ ಮಾಟ.

ಆ ಕಾಲದಲ್ಲಿ ದೇಶೋದ್ಧಾರದ ಉಪಾಯಗಳನ್ನು ಅರಸನಿಗೆ ಸಲ್ಲಿಸುವವರು ಹಿಂಡುಹಿಂಡಾಗಿದ್ದರು. ಸರ್ವಾಂಟಿಸ್ 1613ರ ಒಂದು ಕಥೆಯಲ್ಲಿ ಅವರನ್ನು ಲೇವಡಿ ಮಾಡುತ್ತಾನೆ. ಅಲ್ಲಿನ ಮಹಾಶಯನ ಸಲಹೆ: ಪ್ರಜೆಗಳೆಲ್ಲರೂ ತಿಂಗಳಿಗೊಂದು ದಿನ ರೊಟ್ಟಿ, ನೀರಿನಲ್ಲಿ ಉಪವಾಸವಿದ್ದು, ಉಳಿದ ಊಟದ ಹಣವನ್ನು ದೊರೆಗೆ ಕೊಟ್ಟುಬಿಡಬೇಕು! ಓದಿ ನಗುವಾಗ, ಪ್ರಜೆಗಳು ಆಗಲೇ ಉಪವಾಸವಿದ್ದರೆಂಬುದು ನೆನಪಾಗಿ ನಗೆ ಗಂಟಲಲ್ಲಿ ನಿಲ್ಲುತ್ತದೆ.

ಇಳಿಗಾಲ

ಮುಂದಿನದನ್ನು ಬೇಗ ಹೇಳಬಹುದು. 1596ರಿಂದ 1602ರ ವರೆಗೆ ಪ್ಲೇಗು ಕ್ಯಾಸ್ಟೀಲಿನಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದಿತು. 1492ರಲ್ಲಿ ಯೆಹೂದ್ಯರನ್ನು ಹೊರಗಟ್ಟಿದ್ದ ರಾಜ್ಯ, 1609ರಿಂದ 1614ರ ನಡುವೆ, ಮುಸ್ಲಿಮರ ಸಂತತಿಯವರಾದ ಮೊರಿಸ್ಕೊ ಜನರನ್ನು ಹೊರದೂಡಿತು. ಸುಮಾರು ಮೂರು ಲಕ್ಷ ಮಂದಿ ಹಡಗು ಹತ್ತಿದರು. ವೆಲೆನ್ಸಿಯದ ನೀರಾವರಿ ತೋಟಗಳಲ್ಲಿ ದುಡಿಯುತ್ತಿದ್ದವರು ಅವರೇ. ಆ ಸೀಮೆ ತನ್ನ ಜನರಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಂಡಿತು. ಇದು ಪರರಿಂದ ಬಂದ ಪೆಟ್ಟಲ್ಲ, ತನ್ನ ಕೈಯನ್ನು ತಾನೇ ಕಡಿದುಕೊಂಡದ್ದು. ಬೆಳ್ಳಿಯ ದೊರೆ ತನ್ನ ಪ್ರಜೆಗಳಿಗೆ ತಾಮ್ರದ ನಾಣ್ಯ ಕೊಟ್ಟನು. 1628ರಲ್ಲಿ ಅದರ ಬೆಲೆಯನ್ನು ಅರ್ಧಕ್ಕೆ ಇಳಿಸಿದನು. 1640ರಲ್ಲಿ ಕ್ಯಾಟಲೋನಿಯ, ಪೋರ್ಚುಗಲ್ಲುಗಳು ದಂಗೆಯೆದ್ದವು. 1643ರಲ್ಲಿ ರೊಕ್ರೋಯಿಯಲ್ಲಿ ಹೆಸರಾಂತ ಕಾಲಾಳು ಪಡೆ ಸೋತಿತು. 1648ರಲ್ಲಿ ಡಚ್ಚರ ಸ್ವಾತಂತ್ರ್ಯವನ್ನು ಒಪ್ಪಬೇಕಾಯಿತು.

ಆ ದಿವಾಳಿಗಳು ಸಾಲದ ಕಂತುಗಳನ್ನು ಹೊಸದಾಗಿ ಗೊತ್ತುಪಡಿಸಿಕೊಳ್ಳುವ ಏರ್ಪಾಡುಗಳಾಗಿದ್ದವೇ ಹೊರತು ಪೂರ್ಣ ನಾಶವಲ್ಲವೆಂದು ಈಚಿನ ಇತಿಹಾಸಕಾರರು ಕೆಲವರು ತೋರಿಸಿದ್ದಾರೆ. ಅಮೆರಿಕದ ನೆಲ 1820ರ ದಶಕದ ವರೆಗೂ ಬಹುಮಟ್ಟಿಗೆ ಸ್ಪೇನಿನ ಕೈಯಲ್ಲಿತ್ತೆಂಬುದೂ ನಿಜ. ಆದರೂ ಒಂದು ಹೋಲಿಕೆಯನ್ನು ಬಿಡಲಾಗದು. ಸ್ಪೇನನ್ನು ಎದುರಿಸಿ ಗೆದ್ದ ಡಚ್ಚರಿಗೆ ಒಂದು ಗಣಿಯೂ ಇರಲಿಲ್ಲ. ಅವರಲ್ಲಿದ್ದದ್ದು ಮೀನುಗಾರಿಕೆ, ಹಡಗು ಕಟ್ಟುವ ಕೌಶಲ, 1609ರಲ್ಲಿ ತೆರೆದ ಆಮ್‌ಸ್ಟರ್‌ಡಾಮಿನ ಬ್ಯಾಂಕು, ದುಡಿಯಲು ನಾಚದ ಪಟ್ಟಣಿಗರು. ವಿಧಿಯ ಅಣಕವನ್ನು ನೋಡಿ: 1959ರಲ್ಲಿ ಗ್ರೋನಿಂಗೆನ್ ಬಳಿ ಅನಿಲದ ನಿಕ್ಷೇಪ ದೊರೆತು, ಅದರ ಹಣದಿಂದ ದೇಶದ ಇತರ ಕೈಗಾರಿಕೆ ಸೊರಗಿದಾಗ, ನೆಲದಡಿಯ ಸಿರಿಯಿಂದ ಬರುವ ಈ ಬೇನೆಗೆ ಅರ್ಥಶಾಸ್ತ್ರಜ್ಞರು ಇಟ್ಟ ಹೆಸರು ‘ಡಚ್ ರೋಗ’. ನ್ಯಾಯವಾಗಿ ಅದಕ್ಕೆ ಸ್ಪೇನಿನ ಹೆಸರು ಸಲ್ಲಬೇಕಿತ್ತು.

ಆ ಬೆಳ್ಳಿ ಕೊನೆಗೆ ನಮ್ಮ ಬಾಗಿಲಿಗೂ ಬಂದಿತು. ಗೋವೆ, ಸೂರತ್ತುಗಳ ಮೂಲಕ ಹರಿದು ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಯಿತು; ಬಟ್ಟೆಗೂ ಮೆಣಸಿಗೂ ಬೆಲೆಯಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದದ್ದು ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ. ಅಂದು ಗೋವೆಯ ಒಡೆಯ ಸ್ಪೇನಿನ ನಾಲ್ಕನೆಯ ಫಿಲಿಪ್. ಪೊಟೋಸಿಯ ಸುರಂಗದಲ್ಲಿ ಅದಿರು ಹೊತ್ತವನೂ ಮಲೆನಾಡಿನ ಮಳೆಯಲ್ಲಿ ಮೆಣಸು ಕೊಯ್ದವನೂ ಒಂದೇ ವ್ಯಾಪಾರದ ಎರಡು ತುದಿಗಳಲ್ಲಿದ್ದರು. ಒಬ್ಬರ ಹೆಸರೂ ಇನ್ನೊಬ್ಬರಿಗೆ ತಿಳಿಯದು. ಇಬ್ಬರ ಹೆಸರೂ ಚರಿತ್ರೆಗೆ ತಿಳಿಯದು.

ಹಾಗಾದರೆ ಸ್ಪೇನಿಗೆ ಉಳಿದದ್ದೇನು? ಬೆಳ್ಳಿಯಲ್ಲ. ಉಳಿದದ್ದು ಸುಮಾರು ಐವತ್ತು ಕೋಟಿ ಜನ ತಾಯಿನುಡಿಯಾಗಿ ಆಡುವ ಒಂದು ಭಾಷೆ, ಮತ್ತು ಬಾಕಿ ತೀರಿಸಲಾರದ ಒಬ್ಬ ವಸೂಲಿಗಾರ ಆ ಭಾಷೆಯಲ್ಲಿ ಬರೆದ ಪುಸ್ತಕ. ಒಂದು ನಾಡಿನ ಬಲವನ್ನು ಅಳೆಯುವಾಗ ನಾವು ಅದರ ಬೊಕ್ಕಸವನ್ನೂ ಪಡೆಯನ್ನೂ ಮೊದಲು ನೋಡುತ್ತೇವೆ. ಅಲ್ಲಿ ಉಳುವವನನ್ನು, ನೇಯುವವನನ್ನು, ಗಣಿಗೆ ಇಳಿಯುವವನನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಕಡೆಗೆ ನೋಡುತ್ತೇವೆ, ಕೆಲವೊಮ್ಮೆ ನೋಡುವುದೇ ಇಲ್ಲ. ಸ್ಪೇನಿನ ಕಥೆ ಹೇಳುವುದು ಅದನ್ನೇ ಮೊದಲು ನೋಡಬೇಕೆಂದು. ಕಾಯಕಕ್ಕೆ ಹಿರಿಮೆ ಕೊಟ್ಟ ಶರಣರ ನಾಡು ನಮ್ಮದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯೂ ನಮ್ಮದೇ. ಆದರೂ ಕೆಸರಾದ ಕೈಯನ್ನು ಜಗಲಿಯ ಕೆಳಗೇ ನಿಲ್ಲಿಸಿದ ಹಿಡಾಲ್ಗೊಗಳು ನಮ್ಮಲ್ಲಿಯೂ ಕಡಿಮೆಯಿರಲಿಲ್ಲ. ಪೊಟೋಸಿಯ ಬೆಟ್ಟ ನಮಗೆ ದೊರೆಯಲಿಲ್ಲವೆಂದು ಮರುಗಬೇಕಾದುದಿಲ್ಲ. ಆ ಬೆಟ್ಟ ಕಲಿಸಿದ ಪಾಠ ನಮಗೆ ದೊರೆತರೆ ಸಾಕು.